ಲಾಟ್ ನಂಬರ್ ಹದಿನೇಳು: ನಾಯಿ ಒಂದು

ಎದುರುಮನೆಯ ಪಿಟೀಲು ಮೇಷ್ಟ್ರ ಬೆಕ್ಕು ಎರಡನೇ ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ಸೋಮವಾರ. ಅದೇ ಬೆಕ್ಕು ಕಾಲಿಗೆ ನೀಲಿ ಪ್ಲಾಸ್ಟರ್ ಹಾಕಿಸಿಕೊಂಡು, ಮೇಷ್ಟ್ರ ತೋಳುಗಳ ಮೇಲೆ ಕುಸ್ತಿ ಗೆದ್ದು ಬಂದ ಪೈಲ್ವಾನನ ಹಾಗೆ ಒರಗಿಕೊಂಡು ಬೀದಿಗೆ ಮರಳಿದ್ದು ಗುರುವಾರ. ಈ ನಾಲ್ಕು ದಿನಗಳಲ್ಲಿ ಬೆಕ್ಕಿನ ಗ್ರಹಚಾರವೆಲ್ಲ ಕಳೆಯಿತು. ಕಳೆದದ್ದು ಎಲ್ಲಿಗೆ ಹೋಯಿತು ಎಂದರೆ, ಬೀದಿ ದಾಟಿ ನೇರವಾಗಿ ಕೊಟೇಶನ್ ರಾಯರ ಮನೆಗೆ ಬಂತು.

ಮೇಷ್ಟ್ರು ಬೆಕ್ಕನ್ನು ಸುಮ್ಮನೆ ಮನೆಯೊಳಗೆ ಒಯ್ಯಬಹುದಿತ್ತು. ಒಯ್ಯಲಿಲ್ಲ. ಒಂದೊಂದು ಗೇಟಿನ ಮುಂದೆಯೂ ನಿಂತು ಪ್ಲಾಸ್ಟರ್ ತೋರಿಸಿದರು.

“ಆಪರೇಷನ್ನು, ಎಕ್ಸ್‌-ರೇ, ಔಷಧಿ, ಮೂರು ದಿನ ಆಸ್ಪತ್ರೆ. ನನ್ನ ಜೇಬಿಂದ ಒಂದು ಕಾಸೂ ಹೋಗ್ಲಿಲ್ಲ ರಾಯರೇ! ಎಲ್ಲಾ ವಿಮೆ! ತಿಳಿದವರು ಪ್ರಾಣಿ ಸಾಕೋದು ಹೀಗೆ.”

‘ತಿಳಿದವರು’ ಎನ್ನುವಾಗ ಅವರ ಕಣ್ಣು ರಾಯರ ಗೇಟಿನೊಳಕ್ಕೆ ಹೋಯಿತು. ಅಲ್ಲಿ ಟೊಣಪ ಬಿಸಿಲಿಗೆ ಹೊಟ್ಟೆ ಕೊಟ್ಟು ಬಿದ್ದಿದ್ದ. ಟೊಣಪ ಎಂದರೆ ರಾಯರ ನಾಯಿ. ಕಂದು ಬಣ್ಣ, ಯಾವ ತಳಿಗೂ ಸೇರದ ಮೈಕಟ್ಟು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಅವನಿಗೂ ಮೇಷ್ಟ್ರಿಗೂ ಹಳೆಯ ವ್ಯಾಜ್ಯವಿತ್ತು. ಸಂಜೆ ಆರಕ್ಕೆ ಮೇಷ್ಟ್ರು ಪಿಟೀಲಿನ ಮೇಲೆ ಕಮಾನು ಇಟ್ಟರೆ ಸಾಕು, ಟೊಣಪ ಕತ್ತೆತ್ತಿ ಊಳಿಡಲು ಶುರುಮಾಡುತ್ತಿದ್ದ. ಅವರು ನಿಲ್ಲಿಸುವವರೆಗೂ ತಾನು ನಿಲ್ಲಿಸುತ್ತಿರಲಿಲ್ಲ. ಈ ಬಗ್ಗೆ ಮೇಷ್ಟ್ರು ಒಂಬತ್ತು ದೂರು ಪತ್ರ ಬರೆದಿದ್ದರು. ರಾಯರು ಒಂಬತ್ತಕ್ಕೂ ‘ಪರಿಶೀಲನೆಯಲ್ಲಿದೆ’ ಎಂದು ಲಿಖಿತ ಉತ್ತರ ಕೊಟ್ಟಿದ್ದರು.

ರಾಯರದು ನೀರು ಸರಬರಾಜು ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷದ ಸೇವೆ. ಆ ಕಚೇರಿಗೆ ಒಂದು ಕಸಬರಿಗೆ ಬರಬೇಕಾದರೂ ಮೂರು ಅಂಗಡಿಯಿಂದ ಸೀಲು ಮಾಡಿದ ಲಕೋಟೆಯಲ್ಲಿ ಕೊಟೇಶನ್ ಬರಬೇಕು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಕೆ ಪಟ್ಟಿ ಹಾಕಬೇಕು, ಆಮೇಲೆ ಕಸಬರಿಗೆ. ಈ ಪದ್ಧತಿ ರಾಯರ ರಕ್ತಕ್ಕೆ ಇಳಿದುಹೋಗಿತ್ತು. ತಮ್ಮ ಮದುವೆಗೆ ಅವರು ಮೂವರು ಫೋಟೋಗ್ರಾಫರುಗಳಿಂದ ದರ ಕರೆದಿದ್ದರು. ಲಕೋಟೆ ಒಡೆಯುವ ಹೊತ್ತಿಗೆ ಮದುವೆ ಮುಗಿದಿತ್ತು. ಆದ್ದರಿಂದ ಫೋಟೋ ಇಲ್ಲ. ಅವರ ಹೆಂಡತಿ ಇದನ್ನು ಇನ್ನೂ ಮರೆತಿಲ್ಲ, ಮರೆಯುವ ಲಕ್ಷಣವೂ ಕಾಣುವುದಿಲ್ಲ.

ಆಕೆ ಆ ದಿನವೇ ಮಾತು ತೆಗೆದರು.

“ರೀ, ಟೊಣಪನಿಗೂ ವಿಮೆ ಮಾಡ್ಸಿ. ಇವತ್ತಿಗೆ ಸರಿಯಾಗಿ ಹದಿನೈದು ದಿನಕ್ಕೆ ಅವನಿಗೆ ಹತ್ತು ತುಂಬುತ್ತೆ. ಹತ್ತು ತುಂಬಿದ ಮೇಲೆ ಯಾವ ಕಂಪನಿಯವರೂ ಸೇರಿಸ್ಕೊಳಲ್ವಂತೆ. ನನ್ನ ತಮ್ಮ ಹೇಳ್ದ.”

“ಮಾಡ್ಸಬೇಕೋ ಬೇಡ್ವೋ, ಅದರಿಂದ ಲಾಭ ಇದ್ಯೋ ಇಲ್ವೋ, ಅದೆಲ್ಲಾ ನೋಡ್ಬೇಕು ಕಣೇ.”

“ನೋಡಿ. ಆದ್ರೆ ಫೋಟೋ ನೋಡಿದ ಹಾಗೆ ನೋಡ್ಬೇಡಿ.”

ಆಕೆಯ ತಮ್ಮ ಪ್ರಾಣಿಗಳ ಆರೋಗ್ಯ ವಿಮೆ ಮಾರುವ ಏಜೆಂಟ್. ಮಾತಿನ ಮಲ್ಲ. ಮರುದಿನ ಸಂಜೆಯೇ ಅರ್ಜಿ, ಪೆನ್ನು, ಬಣ್ಣಬಣ್ಣದ ಕಾಗದಗಳ ಸಮೇತ ಬಂದು ಸೋಫಾದ ಮೇಲೆ ಕೂತ. ಟೊಣಪ ಅವನ ಕಾಲ್ಚೀಲ ಮೂಸಿ ನೋಡಿ, ಅರ್ಹನಲ್ಲವೆಂದು ತೀರ್ಮಾನಿಸಿ, ಅಡುಗೆಮನೆಗೆ ಹೋದ.

“ಇಲ್ಲೊಂದು ಸಹಿ ಹಾಕಿ ಭಾವ. ಮುಗೀತು.”

“ಮುಗೀಲಿಲ್ಲ, ಶುರುವಾಯ್ತು,” ಎಂದರು ರಾಯರು. “ಕಟ್ಟಿದ ದುಡ್ಡು ವಾಪಸ್ಸು ಬರುತ್ತೇನಯ್ಯಾ?”

“ಕಾಯಿಲೆ ಬಂದ್ರೆ ಬರುತ್ತೆ.”

“ಬರದೇ ಇದ್ರೆ?”

“ಬರದೇ ಇದ್ರೆ ಸಂತೋಷ ಪಡಿ ಭಾವ!”

“ಅಂದ್ರೆ ದುಡ್ಡು ವಸೂಲಾಗ್ಬೇಕಾದ್ರೆ ನಾಯಿ ಮಲಗ್ಬೇಕು. ನಾಯಿ ಚೆನ್ನಾಗಿದ್ರೆ ನಾನು ಮಲಗ್ಬೇಕು. ನೀನು ಮಾತ್ರ ಎದ್ದು ಓಡಾಡ್ತಿರ್ತೀಯ.”

“ಅಕ್ಕಾ, ನೋಡು ಇವರನ್ನ!” ಎಂದು ಅವನು ಅಡುಗೆಮನೆಯ ಕಡೆ ಕೂಗಿದ. ಟೊಣಪ ಒಳಗಿನಿಂದ ಬೊಗಳಿ ಅಕ್ಕನ ಪರವಾಗಿ ಉತ್ತರಿಸಿದ.

ಕೊನೆಗೆ ರಾಯರು ತೀರ್ಪು ಕೊಟ್ಟರು. ಸ್ವಂತ ಭಾವಮೈದುನನಾದ ಕಾರಣ ಅವನು ತನ್ನ ಕೊಟೇಶನ್ನನ್ನು ಸೀಲು ಮಾಡಿದ ಲಕೋಟೆಯಲ್ಲಿ ಕೊಡಬೇಕು. ಇನ್ನೆರಡು ಕಂಪನಿಗಳಿಂದಲೂ ತರಿಸಲಾಗುವುದು. ಅವನು ಕುಳಿತಲ್ಲೇ ಬೆವರಿದ. ಆದರೂ ಬರೆದು, ಅಂಟಿಸಿ, ತನ್ನ ಎದುರಿಗೇ ಇದ್ದ ಭಾವನಿಗೆ ‘ಇವರಿಗೆ’ ಎಂದು ವಿಳಾಸ ಬರೆದು ಕೊಟ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ರಾಯರ ಕಚೇರಿಯಲ್ಲಿ ಇನ್ನೊಂದು ನಿಯಮವಿತ್ತು. ಯಾವುದೇ ಪಂಪನ್ನಾಗಲಿ ಫ್ಯಾನನ್ನಾಗಲಿ ವರ್ಷಕ್ಕಿಷ್ಟು ಎಂದು ನಿರ್ವಹಣೆಗೆ ಕೊಡುವ ಮುಂಚೆ ಅದರ ‘ಸ್ಥಿತಿ ವರದಿ’ ಬರೆಯಬೇಕು. ಇದು ಖರ್ಚು ಮಾಡಿ ಉಳಿಸಿಕೊಳ್ಳಲು ಯೋಗ್ಯವೋ, ಹರಾಜು ಹಾಕಿ ಕೈತೊಳೆದುಕೊಳ್ಳಲು ಯೋಗ್ಯವೋ ಎಂದು ಅದರಿಂದ ಗೊತ್ತಾಗಬೇಕು. ವಿಮೆ ಎಂದರೂ ನಿರ್ವಹಣೆಯೇ ತಾನೆ? ಭಾನುವಾರ ಬೆಳಿಗ್ಗೆ ರಾಯರು ಅಳತೆ ಟೇಪು, ಟಾರ್ಚು, ಕಚೇರಿಯ ಅಚ್ಚಾದ ನಮೂನೆ ಹಿಡಿದು ನಡುಮನೆಯಲ್ಲಿ ನೆಲಕ್ಕೆ ಕೂತರು. ಹೆಂಡತಿ ಟಾರ್ಚು ಹಿಡಿಯಬೇಕಾಯಿತು.

ಇಪ್ಪತ್ತಾರು ವರ್ಷ ಪಂಪುಗಳ ದೋಷ ಬರೆದ ಕೈ ಸುಮ್ಮನಿರುತ್ತದೆಯೇ? ಹಿಂದಿನ ಎಡಗಾಲು ಮೆಟ್ಟಿಲಲ್ಲಿ ಎಳೆಯುತ್ತದೆ, ಹಲ್ಲು ಎರಡು ಇಲ್ಲ, ರೋಮ ಮೈಮೇಲಿಗಿಂತ ಸೋಫಾದ ಮೇಲೆ ಜಾಸ್ತಿ ಎಂದು ಬರೆದರು. ಹೊಟ್ಟೆಯನ್ನು ಸೋಪು ತಿಂದ ದಿನದಿಂದ ನಂಬುವಂತಿಲ್ಲ ಎಂದು ಬರೆದರು. ಕಣ್ಣಿಗೆ ಬಿಸ್ಕತ್ತು ದೂರದಿಂದ ಕಾಣುತ್ತದೆ, ಸ್ನಾನದ ಬಕೆಟ್ಟು ಹತ್ತಿರದಿಂದಲೂ ಕಾಣುವುದಿಲ್ಲ. ಕಿವಿಗೆ ಕರೆದರೆ ಕೇಳಿಸುವುದಿಲ್ಲ, ತಟ್ಟೆಯ ಸದ್ದು ಕೇಳಿಸುತ್ತದೆ. ಮೂಗು ಸದಾ ಒದ್ದೆ, ಸೋರಿಕೆಯ ಮೂಲ ಪತ್ತೆಯಾಗಿಲ್ಲ. ಹೀಗೆ ಎರಡು ಪುಟ ತುಂಬಿತು. ತಾವು ಬರೆದದ್ದನ್ನು ಓದಿ ರಾಯರಿಗೇ ರೋಮಾಂಚನವಾಯಿತು. ಇಷ್ಟು ಪೂರ್ಣವಾದ ವರದಿಯನ್ನು ಅವರು ದೊಡ್ಡ ಜಲಾಗಾರಕ್ಕೂ ಬರೆದಿರಲಿಲ್ಲ.

ಗುರುವಾರದ ಹೊತ್ತಿಗೆ ಎರಡು ಲಕೋಟೆ ಬಂದಿದ್ದವು, ಮೂರನೆಯದು ಅಂಚೆ ಕಚೇರಿಯಲ್ಲಿತ್ತು. ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸೋಣವೆಂದು ರಾಯರು ಊಟದ ಬಿಡುವಿನಲ್ಲಿ ಕಂದು ರಟ್ಟು ಹುಡುಕಿದರು. ಕಂದು ರಟ್ಟು ಮುಗಿದು ಒಂದು ತಿಂಗಳಾಗಿತ್ತು. ಯಾಕೆ ಮುಗಿದಿತ್ತೆಂದರೆ, ಕಂದು ರಟ್ಟು ಕೊಳ್ಳಲು ರಾಯರು ಕಾಯುತ್ತಿದ್ದ ಮೂರನೇ ಕೊಟೇಶನ್ ಬಂದಿರಲಿಲ್ಲ. ಕಪಾಟಿನಲ್ಲಿ ಇದ್ದದ್ದು ಗುಲಾಬಿ ರಟ್ಟು ಮಾತ್ರ. ರಟ್ಟು ಯಾವುದಾದರೇನು ಎಂದು ಟೊಣಪನನ್ನು ಗುಲಾಬಿ ರಟ್ಟಿನೊಳಗೆ ಕಟ್ಟಿ, ದಾರ ಬಿಗಿದು, ಮೇಜಿನ ಮೇಲಿಟ್ಟು, ಅಂಚೆ ಕಚೇರಿಗೆ ಹೊರಟರು.

ರಟ್ಟು ಯಾವುದಾದರೇನು ಎಂದು ಆ ಕಚೇರಿಯಲ್ಲಿ ಯಾರು ಬೇಕಾದರೂ ಕೇಳಬಹುದಿತ್ತು, ರಾಯರೊಬ್ಬರು ಕೇಳಬಾರದಿತ್ತು. ಗುಲಾಬಿ ಎಂದರೆ ಹರಾಜಿನ ಬಣ್ಣ. ಪ್ರತಿ ಗುರುವಾರ ಮೂರು ಗಂಟೆಗೆ ಜವಾನ ಮೇಜುಮೇಜಿಗೆ ಹೋಗಿ ಗುಲಾಬಿ ಫೈಲುಗಳನ್ನು ಎತ್ತಿಕೊಂಡು ದೊಡ್ಡ ಸಾಹೇಬರ ಮುಂದೆ ಪೇರಿಸುತ್ತಾನೆ. ಸಾಹೇಬರು ಅವನ್ನು ಬಿಚ್ಚುವುದಿಲ್ಲ. ಒಮ್ಮೆ ಬಿಚ್ಚಿದಾಗ ಜಿರಲೆ ಹಾರಿತ್ತು. ಅಂದಿನಿಂದ ರಟ್ಟಿನ ಮೇಲೆಯೇ ‘ಹರಾಜಿಗೆ ಒಪ್ಪಿದೆ’ ಎಂದು ಬರೆದು ಸಹಿ ಹಾಕುತ್ತಾರೆ. ಆ ಗುರುವಾರವೂ ಹಾಕಿದರು. ಹಾಕಿ, ಹದಿನೈದು ದಿನದ ರಜೆಯ ಮೇಲೆ ಸಮುದ್ರ ನೋಡಲು ಹೋದರು.

ರಾಯರು ಶುಕ್ರವಾರವಿಡೀ ಫೈಲು ಹುಡುಕಿದರು. ಸೋಮವಾರ ಬೆಳಿಗ್ಗೆ ಫೈಲೇ ಅವರನ್ನು ಹುಡುಕಿಕೊಂಡು ಬಂತು. ಸೂಚನಾ ಫಲಕದ ಮುಂದೆ ಅರ್ಧ ಕಚೇರಿ ನಿಂತಿತ್ತು. ಗುರುವಾರದ ಹರಾಜಿನ ಪಟ್ಟಿ. ಲಾಟ್ ನಂಬರ್ ಹದಿನಾರು: ತುಕ್ಕು ಹಿಡಿದ ಪಂಪು, ಮೂರು. ಹದಿನೆಂಟು: ಮುರಿದ ಕುರ್ಚಿ, ನಲವತ್ತು. ನಡುವೆ, ಹದಿನೇಳು: ನಾಯಿ, ಒಂದು.

“ನಮ್ಮ ಕಚೇರೀಲಿ ನಾಯಿ ಇತ್ತಾ?” ಎಂದು ಒಬ್ಬರು ಕೇಳಿದರು.

“ಇದ್ದಿರ್ಬೇಕು. ಇಲ್ದೆ ಪಟ್ಟೀಲಿ ಹೇಗೆ ಬರುತ್ತೆ?” ಎಂದರು ಇನ್ನೊಬ್ಬರು. ಇಡೀ ಗುಂಪು ಹೌದೆಂದು ತಲೆಯಾಡಿಸಿತು.

ರಾಯರು ಉಗ್ರಾಣಕ್ಕೆ ಓಡಿದರು. ಉಗ್ರಾಣದ ಮೇಡಂ ಎಂದರೆ ಕಚೇರಿಯ ಸಾಮಾನುಗಳ ಒಡತಿ, ಕನ್ನಡಕವನ್ನು ಮೂಗಿನ ತುದಿಗಿಟ್ಟು ಜನರನ್ನೂ ಸಾಮಾನಿನ ಹಾಗೆ ನೋಡುವವರು.

“ಮೇಡಂ, ಆ ನಾಯಿ ನಂದು!”

“ಬಹಳ ಒಳ್ಳೇದು. ದಾಖಲೆ?”

“ದಾಖಲೆ ಯಾಕೆ ಮೇಡಂ? ಬೀದೀಲಿ ಬಿಟ್ರೆ ನನ್ನ ಹಿಂದೇನೇ ಬರುತ್ತೆ!”

“ನನ್ನ ಹಿಂದೆ ಆಡಿಟ್‌ನವರು ಬರ್ತಾರೆ. ನಿಮ್ಮದು ಅನ್ನೋಕೆ ಒಂದು ಚೀಟಿ ಇಲ್ಲ. ಕಚೇರಿದು ಅನ್ನೋಕೆ ನಮ್ಮ ನಮೂನೇಲಿ, ನಮ್ಮ ರಟ್ಟಲ್ಲಿ, ನಿಮ್ಮ ಕೈಬರಹದಲ್ಲೇ ವರದಿ ಇದೆ, ಸಾಹೇಬರ ಸಹಿ ಇದೆ.”

“ವಾಪಸ್ಸು ತಗೋತೀನಿ ಅಂತ ಬರ್ಕೊಡ್ತೀನಿ.”

ಮೇಡಂ ಮೇಜಿನ ಖಾನೆಯಿಂದ ಒಂದು ಹಳೆಯ ಸುತ್ತೋಲೆ ತೆಗೆದು ಓದಿದರು. “‘ಲಾಟ್ ನಂಬರ್ ಬಿದ್ದ ವಸ್ತುವನ್ನು ಸಾಹೇಬರ ಲಿಖಿತ ಆದೇಶವಿಲ್ಲದೆ ಹಿಂಪಡೆಯತಕ್ಕದ್ದಲ್ಲ. ಸಿಬ್ಬಂದಿಯಾಗಲಿ, ಅವರ ರಕ್ತಸಂಬಂಧಿಗಳಾಗಲಿ, ಹೆಂಡತಿಯ ಕಡೆಯವರಾಗಲಿ ಹರಾಜಿನಲ್ಲಿ ಕೂಗತಕ್ಕದ್ದಲ್ಲ.’ ಇದನ್ನ ಬರೆದವರು ಯಾರು ಗೊತ್ತಾ ರಾಯರೇ?”

ರಾಯರಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಅದನ್ನು ಬರೆದು, ‘ಹೆಂಡತಿಯ ಕಡೆಯವರಾಗಲಿ’ ಎಂಬ ಮಾತನ್ನು ಭಾವಮೈದುನನನ್ನು ನೆನೆದೇ ಸೇರಿಸಿದವರು ಅವರೇ.

“ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ವಸ್ತು ಅಂಗಳದಲ್ಲಿರ್ಬೇಕು,” ಎಂದರು ಮೇಡಂ. “ಇಲ್ದಿದ್ರೆ ಕಚೇರಿ ಆಸ್ತಿ ಕಾಣೆಯಾಗಿದೆ ಅಂತ ನಾನು ಪೊಲೀಸಿಗೆ ಬರೀಬೇಕಾಗುತ್ತೆ. ತೊಳೆದು ತನ್ನಿ.”

ಮನೆಯಲ್ಲಿ ಸುದ್ದಿ ತಿಳಿದಾಗ ಹೆಂಡತಿ ಮೊದಲು ನಕ್ಕರು. ಗಂಡನ ಮುಖ ನೋಡಿ ನಗು ನಿಂತಿತು. ಆಮೇಲೆ ಆಡಿದ ಮಾತುಗಳಲ್ಲಿ ಬರೆಯಬಹುದಾದದ್ದು ಇಷ್ಟೇ:

“ವಿಮೆ ಮಾಡ್ಸಿ ಅಂದ್ರೆ ಹರಾಜು ಹಾಕಿ ಬಂದ್ರಾ? ಆ ಫೈಲನ್ನ ಕದ್ದು ಹರಿದು ಬಿಸಾಕೋಕಾಗಲ್ವಾ ನಿಮ್ಗೆ?”

“ಹರಿಯೋದಾ!” ರಾಯರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಪುಟಕ್ಕೆಲ್ಲ ನಂಬರ್ ಹಾಕಿದೀನಿ ಕಣೇ!”

ಭಾವಮೈದುನ ಇನ್ನೊಂದು ದಾರಿ ತೋರಿಸಿದ. “ಬೇರೆ ಯಾವುದಾದ್ರೂ ನಾಯಿ ಹಿಡಿದು ತಂದು ಕಟ್ಟೋಣ ಭಾವ.”

“ವಿವರ ಹೊಂದಬೇಕಲ್ಲಯ್ಯಾ. ಎರಡು ಹಲ್ಲು ಇಲ್ದೆ, ಒಂದು ಕಿವಿ ಮಡಚಿಕೊಂಡು, ಸೋಪು ತಿಂದಿರೋ ನಾಯಿ ಎಲ್ಲಿಂದ ತರ್ತೀಯ?”

“ಶುಕ್ರವಾರ ಅವನಿಗೆ ಹತ್ತು ತುಂಬುತ್ತೆ. ಗುರುವಾರ ಸಂಜೆ ಆರರ ಒಳಗೆ ಅರ್ಜಿ ಹೋಗ್ಬೇಕು. ಅದಕ್ಕೆ ನಾಯಿ ನಿಮ್ಮದು ಅನ್ನೋ ಕಾಗದ ಬೇರೆ ಬೇಕು,” ಎಂದು ಅವನು ನೆನಪಿಸಿದ.

ವಿಮೆಯ ಮಾತು ಆ ಹೊತ್ತಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನಾಯಿಯೇ ಕೈಬಿಟ್ಟು ಹೋಗುತ್ತಿದೆ. ಟೊಣಪ ತನ್ನ ಪಾಡಿಗೆ ರಾಯರ ಚಪ್ಪಲಿಯ ಮೇಲೆ ಗಲ್ಲ ಊರಿ ಮಲಗಿದ್ದ. ಬೇರೆ ಯಾರಿಂದಲಾದರೂ ಹರಾಜು ಕೂಗಿಸಿ ಅವನನ್ನು ಬಿಡಿಸಿಕೊಳ್ಳುವುದೆಂದು ರಾಯರು ನಿಶ್ಚಯಿಸಿದರು. ಕೂಗಬೇಕಾದವರು ಸಿಬ್ಬಂದಿಯಾಗಿರಬಾರದು, ನೆಂಟರಾಗಿರಬಾರದು, ಆದರೆ ನಂಬಿಕಸ್ಥರಾಗಿರಬೇಕು. ಹಾಗೆ ಹುಡುಕುತ್ತ ಹೋದರೆ ಇಡೀ ಬೀದಿಯಲ್ಲಿ ಗುರುವಾರ ಬೆಳಿಗ್ಗೆ ಬಿಡುವಿದ್ದವರು ಒಬ್ಬರೇ.

ಪಿಟೀಲು ಮೇಷ್ಟ್ರು ಬಾಗಿಲು ತೆರೆದರು. ಒಳಗೆ ಬೆಕ್ಕು ದಿಂಬಿನ ಮೇಲೆ ಪ್ಲಾಸ್ಟರ್ ಕಾಲು ಚಾಚಿಕೊಂಡು ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ರಾಯರು ನಿಂತೇ ಎಲ್ಲವನ್ನೂ ಒಪ್ಪಿಸಿ, ದುಡ್ಡಿನ ಲಕೋಟೆ ಮುಂದೆ ಹಿಡಿದರು. ಅದರಲ್ಲಿ ಎರಡು ಸಾವಿರವಿತ್ತು, ವಿಮೆಯ ಒಂದು ವರ್ಷದ ಕಂತಿಗೆಂದು ತೆಗೆದಿಟ್ಟದ್ದು.

“ಅಂದ್ರೆ, ನನ್ನ ಸಾಧನೆ ಕೆಡಿಸೋ ಆ ಪ್ರಾಣೀನ ನಾನೇ ದುಡ್ಡು ಕೊಟ್ಟು ವಾಪಸ್ಸು ಈ ಬೀದಿಗೆ ತರ್ಬೇಕು,” ಎಂದರು ಮೇಷ್ಟ್ರು.

“ನಿಮ್ಮ ಕಾಲು ಹಿಡ್ಕೋತೀನಿ ಮೇಷ್ಟ್ರೇ.”

ಮೇಷ್ಟ್ರು ಕಣ್ಣು ಮುಚ್ಚಿ ಆ ಕ್ಷಣವನ್ನು ಚೆನ್ನಾಗಿ ಸವಿದರು. ಲಕೋಟೆ ತೆಗೆದುಕೊಂಡರು.

“ಪರಿಶೀಲನೆಯಲ್ಲಿದೆ,” ಎಂದು ಬಾಗಿಲು ಹಾಕಿಕೊಂಡರು.

ಗುರುವಾರ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಪೈಪಿನ ರಾಶಿ, ಇನ್ನೊಂದು ಕಡೆ ರೆಕ್ಕೆ ಕಳೆದುಕೊಂಡ ಫ್ಯಾನುಗಳು, ನಡುವೆ ಗುಜರಿಯವರ ಗುಂಪು. ನಾಯಿ ಹರಾಜಿಗಿದೆಯೆಂಬ ಸುದ್ದಿ ಹಬ್ಬಿ, ಪಂಪಿನ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ಹದಿನೇಳರ ಸುತ್ತ. ಟೊಣಪ ಸ್ನಾನ ಮಾಡಿ ಹೊಳೆಯುತ್ತಿದ್ದ. ಕೊರಳಿಗೆ ‘೧೭’ ಎಂದು ಬರೆದ ಚೀಟಿ. ಹುಟ್ಟಿದಾರಭ್ಯ ಇಷ್ಟು ಜನ ತನ್ನನ್ನು ಒಮ್ಮೆಗೇ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಹಿಗ್ಗಿ ಒಬ್ಬೊಬ್ಬರ ಕೈಯನ್ನೂ ನೆಕ್ಕಿ ಸ್ವಾಗತಿಸುತ್ತಿದ್ದ. ರಾಯರ ಹೆಂಡತಿ ಕಾಂಪೌಂಡಿನ ಆಚೆ, ತಮ್ಮನ ಹೆಗಲು ಹಿಡಿದು, ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಮೇಷ್ಟ್ರು ಕೊಡೆ ಹಿಡಿದು ಮೊದಲ ಸಾಲಿನಲ್ಲಿದ್ದರು. ಅವರ ಮುಖ ನೋಡಿ ಏನೂ ಹೇಳುವಂತಿರಲಿಲ್ಲ.

ಮೇಡಂ ಹದಿನಾರನ್ನು ಎರಡು ನಿಮಿಷದಲ್ಲಿ ಮುಗಿಸಿ, ಗಂಟಲು ಸರಿಮಾಡಿಕೊಂಡರು.

“ಲಾಟ್ ಹದಿನೇಳು. ನಾಯಿ. ವಯಸ್ಸು ಒಂಬತ್ತು ವರ್ಷ ಹನ್ನೊಂದು ತಿಂಗಳು. ಸ್ಥಿತಿ ವರದಿ ಓದ್ತೀನಿ. ಹಿಂದಿನ ಎಡಗಾಲು ಎಳೆಯುತ್ತದೆ.”

ಗುಂಪು ನಕ್ಕಿತು.

“ಹಲ್ಲು ಎರಡು ಇಲ್ಲ. ಹೊಟ್ಟೆ ನಂಬುವಂತಿಲ್ಲ. ಕರೆದರೆ ಕೇಳಿಸುವುದಿಲ್ಲ.”

ಮತ್ತೆ ನಗು. “ಇದನ್ನ ತಗೊಂಡ್ರೆ ಕಚೇರಿಯವರೇ ನಮಗೆ ಕೈಯಿಂದ ದುಡ್ಡು ಕೊಡ್ಬೇಕು!” ಎಂದು ಯಾರೋ ಹಿಂದಿನಿಂದ ಕೂಗಿದರು.

“ಸರ್ಕಾರಿ ಸವಾಲು ಐವತ್ತು,” ಎಂದರು ಮೇಡಂ. ಯಾರೂ ಕೂಗಲಿಲ್ಲ. ಮೇಷ್ಟ್ರು ಗಂಭೀರವಾಗಿ ಕೊಡೆ ಎತ್ತಿದರು. “ಐವತ್ತೈದು.”

ಐವತ್ತೈದಕ್ಕೆ ಮುಗಿದುಹೋಗುತ್ತಿತ್ತು. ದೇವರಾಣೆಗೂ ಮುಗಿದುಹೋಗುತ್ತಿತ್ತು. ಮೇಡಂ ‘ಒಂದನೇ ಸಲ’ ಎಂದೂ ಅಂದಾಗಿತ್ತು. ಆದರೆ ಗುಂಪಿನ ನಗು ರಾಯರ ಎದೆಗೆ ನಾಟಿತ್ತು. ಟೊಣಪನ ಮರ್ಯಾದೆಗೆ ಐವತ್ತೈದೇ?

“ಏನ್ರೀ ನಗ್ತೀರಾ?” ಎಂದು ಅವರು ಮುರಿದ ಕುರ್ಚಿಯೊಂದರ ಮೇಲೆ ಹತ್ತಿಬಿಟ್ಟರು. “ಕಾಲು ಎಳೀತಾನೆ, ನಿಜ! ಆದ್ರೆ ನಾನು ಬೀದಿ ತುದೀಲಿ ಕಾಣಿಸಿದ್ರೆ ಅದೇ ಕಾಲಲ್ಲಿ ಗೇಟು ಹಾರ್ತಾನೆ!”

“ಹೌದಾ?” ಎಂದ ದಪ್ಪ ಮೀಸೆಯ ಗುಜರಿ ವ್ಯಾಪಾರಿ, ಮೊದಲ ಸಲ ಟೊಣಪನನ್ನು ಸರಿಯಾಗಿ ನೋಡಿ. “ಇನ್ನೂರು.”

“ಇನ್ನೂರೈವತ್ತು,” ಎಂದು ಮೇಷ್ಟ್ರು ಹಲ್ಲು ಕಚ್ಚಿದರು. “ರಾಯರೇ, ಕೆಳಗಿಳೀರಿ.”

“ಇಳಿಯಲ್ಲ! ನನ್ನ ಹೆಂಡ್ತಿ ಬಚ್ಚಲಲ್ಲಿ ಜಾರಿ ಬಿದ್ದಾಗ ಬೀದಿಯವರನ್ನೆಲ್ಲ ಎಳ್ಕೊಂಡು ಬಂದವನು ಯಾರು? ಇವನು! ಆವತ್ತು ಯಾರ ಪ್ಯಾಂಟಿನ ತುದಿ ಕಚ್ಚಿ ಎಳೆದ್ನೋ ಅವರು ಇಲ್ಲೇ ಇದಾರೆ, ಕೇಳಿ ಬೇಕಾದ್ರೆ!”

ಅದು ಮೇಷ್ಟ್ರ ಪ್ಯಾಂಟು. ಅವರು ಕೊಡೆಯ ಹಿಡಿಯನ್ನೇ ನೋಡುತ್ತ ನಿಂತರು.

“ಅಂಥಾ ನಾಯೀನಾ? ನನ್ನ ಗೋದಾಮಿಗೆ ಇಂಥದ್ದೇ ಬೇಕಾಗಿತ್ತು,” ಎಂದ ಗುಜರಿಯವನು. “ಸಾವಿರ!”

“ಸಾವಿರದ ಐನೂರು,” ಎಂದರು ಮೇಷ್ಟ್ರು.

“ಎಂಟು ದಿನ ನಾನು ಜ್ವರದಲ್ಲಿ ಮಲಗಿದ್ದಾಗ ಮಂಚದ ಕೆಳಗಿಂದ ಎದ್ದಿಲ್ಲ ಅವನು! ಊಟ ಬಿಟ್ಟಿದ್ದ! ಬಿಸ್ಕತ್ತೂ ಮುಟ್ಟಿಲ್ಲ!”

“ಎರಡು ಸಾವಿರ!”

ಹಿಂದಿನ ಸಾಲಿನ ಪೈಪಿನವರೂ ಈಗ ಮುಂದೆ ನುಗ್ಗಿದರು. “ಎರಡೂವರೆ!” ಎಂದರು ಅವರು. “ಮೂರು!” ಎಂದ ಮೀಸೆಯವನು. ಮೇಡಂ ಕನ್ನಡಕವನ್ನು ಮೂಗಿನ ಬುಡಕ್ಕೆ ಏರಿಸಿಕೊಂಡರು. ಆ ಅಂಗಳದಲ್ಲಿ ಒಂದು ಸಾಮಾನಿಗೆ ಇಷ್ಟು ಬೆಲೆ ಎಂದೂ ಬಂದಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಹೆಂಡತಿ, “ಅವರ ಬಾಯಿಗೆ ಯಾರಾದ್ರೂ ಬಟ್ಟೆ ತುರುಕ್ರಪ್ಪಾ!” ಎಂದು ಕಿರುಚಿದರು.

ಆಗ ರಾಯರಿಗೆ ತಾವು ಮಾಡಿದ್ದು ಹೊಳೆಯಿತು. ಲಕೋಟೆಯ ಎರಡು ಸಾವಿರ ದಾಟಿಹೋಗಿತ್ತು. ಮೀಸೆಯವನು ಆಗಲೇ ಹಗ್ಗಕ್ಕೆ ಕೈ ಹಾಕಿದ್ದ. “ನಾಲ್ಕು ಸಾವಿರ!” ಎಂದು ರಾಯರೇ ಕೂಗಿದರು. ತಾವೇ ಬರೆದ ನಿಯಮ, ತಮ್ಮದೇ ಬಾಯಿ.

“ಸಿಬ್ಬಂದಿ ಕೂಗೋ ಹಾಗಿಲ್ಲ,” ಎಂದರು ಮೇಡಂ. ಅವರ ದನಿ ಮಾತ್ರ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. “ಮೂರು ಸಾವಿರ, ಒಂದನೇ ಸಲ. ಮೂರು ಸಾವಿರ, ಎರಡನೇ ಸಲ.”

“ಐದು ಸಾವಿರ!”

ಇಡೀ ಅಂಗಳ ತಿರುಗಿ ನೋಡಿತು. ಕೊಡೆ ಮೇಲೆತ್ತಿ ನಿಂತಿದ್ದವರು ಪಿಟೀಲು ಮೇಷ್ಟ್ರು. ಇನ್ನೊಂದು ಕೈಯಲ್ಲಿ ತಮ್ಮ ಸ್ವಂತ ಪರ್ಸು.

ಮೀಸೆಯವನು ಅವರನ್ನೂ ನಾಯಿಯನ್ನೂ ಕುರ್ಚಿಯ ಮೇಲೆ ನಿಂತಲ್ಲೇ ಕಣ್ಣೀರು ಹಾಕುತ್ತಿದ್ದ ರಾಯರನ್ನೂ ನೋಡಿ, ಹಗ್ಗ ಬಿಟ್ಟ. “ತಗೊಳ್ಳಿ ಸ್ವಾಮಿ, ನಂಗೆ ಪಂಪು ಸಾಕು,” ಎಂದ. ಮೇಡಂ ಸುತ್ತಿಗೆ ಬಡಿದರು. ಅದೇ ಹೊಡೆತಕ್ಕೆ ಕುರ್ಚಿ ಮುರಿದು ರಾಯರು ಕೆಳಗೆ ಬಂದರು. ಟೊಣಪ ಹಾರಿ ಅವರ ಎದೆಯ ಮೇಲೆ ನಿಂತ. ಬಂದ ಗುಜರಿಯವರೆಲ್ಲ ಚಪ್ಪಾಳೆ ತಟ್ಟಿದರು.

ರಸೀದಿ ಮೇಷ್ಟ್ರ ಹೆಸರಿಗಾಯಿತು. ಸಂಜೆ ಐದಕ್ಕೆ ಅವರು ಅದನ್ನು ಹಿಡಿದು ರಾಯರ ನಡುಮನೆಗೆ ಬಂದು, ಹಿಂಬದಿಯಲ್ಲಿ ‘ಈ ನಾಯಿಯನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆದು ಸಹಿ ಹಾಕಿದರು.

“ಮೇಲಿನ ಮೂರು ಸಾವಿರ ಬರೋ ತಿಂಗಳು ಕೊಡ್ತೀನಿ ಮೇಷ್ಟ್ರೇ,” ಎಂದರು ರಾಯರು. “ಆದ್ರೆ ಒಂದು ಮಾತು. ನಿಮ್ಗೆ ಅವನನ್ನ ಕಂಡ್ರಾಗಲ್ವಲ್ಲ?”

“ಆಗಲ್ಲ,” ಎಂದರು ಮೇಷ್ಟ್ರು ಖಡಾಖಂಡಿತವಾಗಿ. ಆಮೇಲೆ ಟೀಪಾಯಿಯ ಮೇಲಿನ ಧೂಳು ಒರೆಸುತ್ತ ಹೇಳಿದರು: “ಮೂವತ್ತು ವರ್ಷದಿಂದ ಬಾರಿಸ್ತಿದೀನಿ ರಾಯರೇ. ಪಿಟೀಲು ತೆಗೆದ ಕೂಡ್ಲೇ ನಮ್ಮನೆಯವರು ಹಿತ್ತಿಲಿಗೆ ಹೋಗ್ತಾರೆ, ಬೆಕ್ಕು ಮಹಡಿಯಿಂದ ಹಾರುತ್ತೆ. ಕೊನೇವರ್ಗೂ ಕೂತು ಕೇಳೋವನು ಈ ಬೀದೀಲಿ ಅವನೊಬ್ಬ.”

ರಾಯರ ಹೆಂಡತಿ ಮೇಷ್ಟ್ರಿಗೆ ಎರಡನೇ ಲೋಟ ಕಾಫಿ ತಂದುಕೊಟ್ಟರು.

ಭಾವಮೈದುನನಿಗೆ ಮಾತ್ರ ಗಡಿಯಾರದ ಮೇಲೆ ಕಣ್ಣು. “ಐದೂಕಾಲು ಭಾವ! ರಸೀದಿ ಇದೆ, ಇನ್ನೇನು, ಅರ್ಜಿ ತುಂಬೋಣ,” ಎಂದು ರಸೀದಿ ತೆಗೆದುಕೊಂಡ. ಅದರ ಜೊತೆಗೆ ಪಿನ್ನು ಹಾಕಿದ ಎರಡು ಪುಟಗಳಿದ್ದವು. ಓದಿದ. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು.

“ಭಾವ, ಇದೇನಿದು?”

“ಸ್ಥಿತಿ ವರದಿ. ಯಾಕೆ, ಚೆನ್ನಾಗಿಲ್ವಾ?”

“ಮೊದಲೇ ಇದ್ದ ದೋಷಕ್ಕೆ ವಿಮೆ ಇಲ್ಲ ಭಾವ. ಇದನ್ನ ನೋಡಿದ್ರೆ ಕಂಪನಿಯವರು ಕಾಲು ಬಿಡ್ತಾರೆ, ಹಲ್ಲು ಬಿಡ್ತಾರೆ, ಹೊಟ್ಟೆ, ಚರ್ಮ, ಕಣ್ಣು, ಕಿವಿ, ಮೂಗು, ಎಲ್ಲಾ ಬಿಡ್ತಾರೆ. ಈ ಹಾಳೆ ಕಿತ್ತು ಬಿಸಾಕಿ.”

“ರಸೀದೀಲಿ ‘ಲಗತ್ತು ಒಂದು’ ಅಂತ ಬರೆದಿದೆಯಲ್ಲಯ್ಯಾ!” ರಾಯರಿಗೆ ನಿಜಕ್ಕೂ ಆಘಾತವಾಯಿತು. “ಸುಳ್ಳು ಹೇಳಿ ವಿಮೆ ತಗೊಳೋದಾ?”

ಭಾವಮೈದುನ ಎರಡು ಪುಟಗಳನ್ನೂ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ, ಬೆರಳಿಟ್ಟು ಹುಡುಕಿದ. “ಬಾಲ,” ಎಂದ ಕೊನೆಗೆ. “ಬಾಲದ ಬಗ್ಗೆ ಏನೂ ಬರೆದಿಲ್ಲ.”

“ಟೇಪು ಹಿಡಿಯೋಕೆ ಒಂದು ಕ್ಷಣ ನಿಲ್ಲಲಿಲ್ಲ ಅದು. ಹಾಗಾಗಿ ಬಿಟ್ಟೆ.”

“ಹಾಗಿದ್ರೆ ನಿಮ್ಮ ಪಾಲಿಸೀಲಿ ಬರೋದು ಬಾಲ ಒಂದೇ.” ಅವನು ಪೆನ್ನಿನ ಮುಚ್ಚಳ ಹಾಕಿದ. ಹುಟ್ಟಿನಿಂದ ಏಜೆಂಟನಾದ ಅವನ ಬಾಯಲ್ಲಿ ಎಂದೂ ಬರದಿದ್ದ ಮಾತು ಆಗ ಬಂತು. “ಬಾಲಕ್ಕೋಸ್ಕರ ಪೂರ್ತಿ ಕಂತು ಕಟ್ಟೋದು ದಂಡ ಭಾವ. ನಾನೇ ಹೇಳ್ತಿದೀನಿ, ಬೇಡ. ಬಿಟ್ಬಿಡಿ.”

ಎಲ್ಲರೂ ರಾಯರನ್ನು ನೋಡಿದರು. ರಾಯರು ಟೊಣಪನನ್ನು ನೋಡಿದರು. ದಿನವಿಡೀ ಮೆರೆದು ದಣಿದಿದ್ದ ಟೊಣಪ ನೆಲದ ಮೇಲೆ ಗಾಢ ನಿದ್ದೆಯಲ್ಲಿದ್ದ.

“ಟೊಣಪಾ,” ಎಂದರು ಮೆಲ್ಲಗೆ.

ಕಣ್ಣು ತೆರೆಯಲಿಲ್ಲ, ಕಿವಿ ಅಲುಗಲಿಲ್ಲ. ಬಾಲ ಮಾತ್ರ ಎದ್ದು ನೆಲಕ್ಕೆ ಪಟಪಟನೆ ಬಡಿಯತೊಡಗಿತು.

“ಇಡೀ ಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡೋದು ಅದೇ ಕಣಯ್ಯಾ,” ಎಂದರು ರಾಯರು. “ಎಲ್ಲಿ ಸಹಿ ಹಾಕ್ಬೇಕು, ತೋರ್ಸು.”